ಅರ್ಧ ಮಿಲಿಮೀಟರ್ ಮುಂದಕ್ಕೆ

"ಕೆಳದವಡೆ ಮುಂದಕ್ಕೆ ತನ್ನಿ ಸಾರ್. ಇನ್ನೂ ಸ್ವಲ್ಪ. ನೋವಾದ್ರೆ ಕೈ ಎತ್ತಿ."

ಕುರ್ಚಿಯಲ್ಲಿರುವವರು ಕೈ ಎತ್ತುವುದಿಲ್ಲ. ಕೆಳಸಾಲಿನ ಹಲ್ಲುಗಳು ಮೇಲಿನ ಸಾಲನ್ನು ದಾಟಿ ಹೊರಗೆ ಬರುತ್ತವೆ, ಗದ್ದ ಚಾಚಿ ಕತ್ತು ಬಿಗಿಯುತ್ತದೆ. ಅವರು ಕಚ್ಚಿಕೊಂಡಿರುವ ಪ್ಲಾಸ್ಟಿಕ್ ಅಳತೆಪಟ್ಟಿಯ ತುದಿ ತುಟಿಯಿಂದಾಚೆ ಇದೆ, ಅದರ ತುಂಬ ಸಣ್ಣ ಗೆರೆಗಳು. ದಂತವೈದ್ಯೆ ದೀಪ ಎಳೆದುಕೊಂಡು, ಬಗ್ಗಿ ಓದುತ್ತಾರೆ: "ಪ್ಲಸ್ 8." ಆಮೇಲೆ ದವಡೆಯನ್ನು ಆದಷ್ಟೂ ಹಿಂದಕ್ಕೆ ತರಿಸುತ್ತಾರೆ. "ಮೈನಸ್ 4." ಸಹಾಯಕಿ ಎರಡನ್ನೂ ಕಾರ್ಡಿನಲ್ಲಿ ಬರೆದುಕೊಳ್ಳುತ್ತಾಳೆ. ಒಟ್ಟು 12 ಮಿಲಿಮೀಟರ್ ಓಡಾಟ. ಅದರ ಅರ್ಧಕ್ಕೆ, ಅಂದರೆ ಪ್ಲಸ್ 2ಕ್ಕೆ, ವೈದ್ಯೆ ಸಣ್ಣ ಸ್ಕ್ರೂ ಬಿಗಿದು ಪಟ್ಟಿಯನ್ನು ನಿಲ್ಲಿಸುತ್ತಾರೆ.

"ಶುರು ಇಲ್ಲಿಂದ. ಆಮೇಲೆ ಅರ್ಧರ್ಧ ಮಿಲಿಮೀಟರ್ ಮುಂದೆ ಹೋಗೋಣ."

ಈ ಲೆಕ್ಕ ಕುರ್ಚಿಯಲ್ಲಿರುವವರಿಗೆ ಹೊಸದಲ್ಲ. ಪೀಣ್ಯದಲ್ಲಿ ಸ್ವಂತ ಲೇತ್ ವರ್ಕ್‌ಶಾಪ್ ಇದೆ, ವಯಸ್ಸು 52, ಹರೆಯದಿಂದಲೂ ಕೈಯಲ್ಲಿ ವರ್ನಿಯರ್. ಮಾಡಿದ ಬಿಡಿಭಾಗಗಳನ್ನು ಬೆಳಗಿನ ಜಾವವೇ ಗಾಡಿಗೆ ಹಾಕಿಕೊಂಡು ತಾವೇ ಹೊಸೂರಿಗೆ ಓಡಿಸುತ್ತಾರೆ. ಈಚೆಗೆ ಸ್ಟೀರಿಂಗ್ ಹಿಡಿದಲ್ಲೇ ಕಣ್ಣು ಎಳೆಯುತ್ತಿದೆ. ಒಂದು ದಿನ ಸಿಗ್ನಲ್‌ನಲ್ಲಿ ನಿಂತವರು ಹಿಂದಿನವರ ಹಾರ್ನ್ ಕೇಳಿಯೇ ಎದ್ದದ್ದು. ಅದನ್ನು ಹೇಳುತ್ತಿರುವವರು ಅವರಲ್ಲ, ಗೋಡೆ ಪಕ್ಕದ ಕುರ್ಚಿಯಲ್ಲಿ ಬ್ಯಾಗು ಅವುಚಿಕೊಂಡು ಕೂತ ಅವರ ಹೆಂಡತಿ.

"ಗೊರಕೆ ಹೊಡೀತಿದ್ರೆ ನಂಗೇನೂ ಭಯ ಇಲ್ಲ ಮೇಡಂ. ಅದು ನಿಂತಾಗಲೇ ಭಯ. ಇದ್ದಕ್ಕಿದ್ದಂಗೆ ಸದ್ದೇ ಇರಲ್ಲ, ಎದೆ ಮಾತ್ರ ಎಗರ್ತಾ ಇರುತ್ತೆ. ಭುಜ ಹಿಡಿದು ಅಲ್ಲಾಡಿಸಿದ್ರೆ ಒಂದೇ ಸಲ ಗೊಕ್ ಅಂತ ಉಸಿರು ಎಳ್ಕೋತಾರೆ."

ವೈದ್ಯೆಯ ಮೇಜಿನ ಮೇಲೆ ಅವರ ನಿದ್ದೆ ಪರೀಕ್ಷೆಯ ವರದಿ ತೆರೆದಿದೆ. ನೀವೂ ಬಗ್ಗಿ ನೋಡಿ. ಮೇಲಿನ ಗೆರೆ ಮೂಗಿನ ಗಾಳಿಯದು. ಏರಿಳಿಯುತ್ತಾ ಬಂದು ಒಂದೆಡೆ ಚಪ್ಪಟೆಯಾಗಿ ಮಲಗಿಬಿಟ್ಟಿದೆ. ಅದರ ಕೆಳಗಿನ ಎರಡು ಗೆರೆ ಎದೆಗೆ, ಹೊಟ್ಟೆಗೆ ಕಟ್ಟಿದ್ದ ಪಟ್ಟಿಗಳದ್ದು. ಅವು ಏರಿಳಿಯುತ್ತಲೇ ಇವೆ. ಮನುಷ್ಯ ಉಸಿರಿಗಾಗಿ ಹೆಣಗುತ್ತಿದ್ದಾನೆ, ಗಾಳಿ ಮಾತ್ರ ಒಳಗೆ ಹೋಗುತ್ತಿಲ್ಲ. ಹೀಗೆ 28 ಸೆಕೆಂಡು. ಅದರ ಹಿಂದೆಯೇ ರಕ್ತದ ಆಮ್ಲಜನಕದ ಗೆರೆ ಶೇ. 81ಕ್ಕೆ ಜಾರಿದೆ. ಮೆದುಳು ಗಾಬರಿಯಿಂದ ಅರೆಕ್ಷಣ ಎಚ್ಚೆತ್ತಿದೆ, ಗಂಟಲಿನ ಸ್ನಾಯುಗಳು ಬಿಗಿದಿವೆ, ಗಾಳಿ ನುಗ್ಗಿದೆ. ಕನಿಷ್ಠ 10 ಸೆಕೆಂಡು ಉಸಿರು ನಿಂತರೆ ಅದು ಲೆಕ್ಕಕ್ಕೆ ಬರುತ್ತದೆ. ಪೂರ್ತಿ ನಿಲ್ಲದೆ ಕ್ಷೀಣವಾಗಿ ಆಮ್ಲಜನಕ ಇಳಿದರೆ ಅದೂ ಬರುತ್ತದೆ. ಗಂಟೆಗೆ 5ರಿಂದ 15 ಸಲ ಆದರೆ ಸೌಮ್ಯ, 15ರಿಂದ 30 ಮಧ್ಯಮ, 30 ದಾಟಿದರೆ ತೀವ್ರ. ಇವರದು 22. ಏಳು ಗಂಟೆ ಮಲಗಿದರೆ ನೂರೈವತ್ತಕ್ಕೂ ಹೆಚ್ಚು ಸಲ.

ನಮ್ಮಲ್ಲಿ ಗೊರಕೆ ಎಂದರೆ ನಗುವ ವಿಷಯ. ಯಕ್ಷಗಾನದ ಕುಂಭಕರ್ಣನಿಂದ ಹಿಡಿದು ಸಿನಿಮಾದ ಮಾವನವರೆಗೆ, ಜೋರು ಗೊರಕೆ ಹೊಡೆಯುವವನು ಜಗತ್ತಿನ ಪರಿವೆಯಿಲ್ಲದೆ ಸುಖವಾಗಿ ಮಲಗಿದವನು. ಈ ವರದಿಯ ಮುಂದೆ ನಿಂತರೆ ಆ ನಗು ಬರುವುದಿಲ್ಲ. ಇಲ್ಲಿರುವುದು ರಾತ್ರಿಯಿಡೀ ನಿದ್ದೆಯೇ ಸಿಗದೆ, ಅದು ತನಗೇ ಗೊತ್ತಾಗದೆ, ಬೆಳಿಗ್ಗೆ ತಲೆ ಭಾರವಾಗಿ ಎದ್ದು ರಕ್ತದೊತ್ತಡದ ಮಾತ್ರೆ ನುಂಗಿ ಕೆಲಸಕ್ಕೆ ಹೋಗುವ ಒಬ್ಬ ದುಡಿಯುವ ಮನುಷ್ಯ.

ನಿದ್ದೆಯ ತಜ್ಞರು ಮೊದಲು ಬರೆದುಕೊಟ್ಟದ್ದು ಸಿಪ್ಯಾಪ್ ಯಂತ್ರ. 1981ರಲ್ಲಿ ಸಿಡ್ನಿಯ ವೈದ್ಯ ಕಾಲಿನ್ ಸಲಿವನ್ ಲೋಕಕ್ಕೆ ಕೊಟ್ಟದ್ದು ಅದು: ಮೂಗಿನ ಮೇಲಿನ ಮಾಸ್ಕ್ ಮೂಲಕ ಗಾಳಿಯನ್ನು ಒತ್ತಡದಿಂದ ಊದಿ ಗಂಟಲು ಮುಚ್ಚದಂತೆ ನೋಡಿಕೊಳ್ಳುತ್ತದೆ. ಉಸಿರು ನಿಲ್ಲುವುದನ್ನು ತಡೆಯುವುದರಲ್ಲಿ ಇವತ್ತಿಗೂ ಅದನ್ನು ಮೀರಿಸಿದ್ದಿಲ್ಲ. ಆದರೆ ಇವರು ಮಧ್ಯರಾತ್ರಿಗೆಲ್ಲ ಮಾಸ್ಕ್ ಕಿತ್ತು ಬದಿಗಿಡುತ್ತಿದ್ದರು. ಕಪಾಟಿನಲ್ಲಿ ಕೂತ ಯಂತ್ರ ಯಾರ ಗಂಟಲನ್ನೂ ತೆರೆಯುವುದಿಲ್ಲ. ಅದಕ್ಕೇ ಈಗ ಈ ದಂತವೈದ್ಯೆಯ ಬಳಿ ಬಂದಿದ್ದಾರೆ, ನಿದ್ದೆಯಲ್ಲಿ ಕೆಳದವಡೆಯನ್ನು ಮುಂದೆ ಹಿಡಿದಿಡುವ ಬಾಯೊಳಗಿನ ಸಾಧನಕ್ಕಾಗಿ. ಸಿಡ್ನಿಯಲ್ಲೇ ನಡೆದು 2013ರಲ್ಲಿ ಪ್ರಕಟವಾದ ಒಂದು ಅಧ್ಯಯನ ಎರಡನ್ನೂ ತಿಂಗಳು ತಿಂಗಳು ಬಳಸಿ ನೋಡಿತು. ಉಸಿರುಗಟ್ಟುವಿಕೆಯನ್ನು ಯಂತ್ರ ಹೆಚ್ಚು ತಗ್ಗಿಸಿತು. ಬಾಯೊಳಗಿನ ಸಾಧನವನ್ನು ಜನ ಹೆಚ್ಚು ಹೊತ್ತು ಹಾಕಿಕೊಂಡರು. ರಕ್ತದೊತ್ತಡದ ಮಟ್ಟಿಗೆ ಎರಡರ ಫಲವೂ ಹತ್ತಿರ ಹತ್ತಿರ ಬಂತು. ಮಾಸ್ಕ್ ಒಗ್ಗದ ಪ್ರಾಪ್ತವಯಸ್ಕರಿಗೆ ಈ ದಂತ ಸಾಧನ ಕೊಡಬಹುದೆಂದು ಅಮೆರಿಕದ ನಿದ್ದೆ ತಜ್ಞರೂ ನಿದ್ದೆಯ ದಂತವೈದ್ಯರೂ 2015ರಲ್ಲಿ ಒಟ್ಟಾಗಿ ಹೇಳಿದ್ದಾರೆ. ಸಾಧನ ಆಯಾ ಬಾಯಿಯ ಅಳತೆಗೇ ಮಾಡಿದ್ದಾಗಿರಬೇಕು, ಮುಂದಕ್ಕೆ ಹಿಂದಕ್ಕೆ ಹೊಂದಿಸುವಂತಿರಬೇಕು ಎಂಬ ಮಾತೂ ಅದರಲ್ಲಿದೆ.

"ಬಾಯಿ ತೆಗೆದು ನಾಲಿಗೆ ಹೊರಗೆ ಚಾಚಿ. ಆ ಅನ್ನಬೇಡಿ, ಸುಮ್ನೆ ಚಾಚಿ."

ವೈದ್ಯೆ ಪಕ್ಕಕ್ಕೆ ಸರಿದಾಗ ನಿಮಗೂ ಕಾಣುತ್ತದೆ. ನಾಲಿಗೆಯ ಗುಡ್ಡದ ಹಿಂದೆ ಕಿರುನಾಲಿಗೆಯಿಲ್ಲ, ಮೃದು ಅಂಗುಳವೂ ಇಲ್ಲ, ಗಟ್ಟಿ ಅಂಗುಳ ಮಾತ್ರ. ನಾಲ್ಕನೇ ದರ್ಜೆ ಎಂದು ಬರೆಸುತ್ತಾರೆ. ಈ ದರ್ಜೆ ವಿಂಗಡಣೆಗೆ ಹೆಸರು ಬಂದದ್ದು ಆಂಧ್ರ ಮೂಲದ ಅರಿವಳಿಕೆ ತಜ್ಞ ಶೇಷಗಿರಿ ಮಲ್ಲಂಪಾಟಿ ಅವರಿಂದ. ಬಾಸ್ಟನ್‌ನಲ್ಲಿದ್ದ ಅವರು, ಆಪರೇಷನ್‌ಗೆ ಮುಂಚೆ ಯಾರ ಗಂಟಲಿಗೆ ನಳಿಕೆ ಇಳಿಸುವುದು ಕಷ್ಟವೆಂದು ತಿಳಿಯಲು 1985ರಲ್ಲಿ ಈ ನೋಟವನ್ನು ಪ್ರಕಟಿಸಿದರು. ಗಂಟಲ ದಾರಿ ಇಕ್ಕಟ್ಟೋ ಅಲ್ಲವೋ ಎಂದು ಅಂದಾಜಿಸಲು ಇಲ್ಲಿಯೂ ಅದೇ ನೋಟ ನೆರವಿಗೆ ಬರುತ್ತದೆ.

ಎಚ್ಚರವಿದ್ದಾಗ ಸ್ನಾಯುಗಳು ಈ ದಾರಿಯನ್ನು ಎತ್ತಿ ಹಿಡಿದಿರುತ್ತವೆ. ನಿದ್ದೆಯಲ್ಲಿ ಅವು ಸಡಿಲವಾಗುತ್ತವೆ, ನಾಲಿಗೆ ಹಿಂದಕ್ಕೆ ಜಾರುತ್ತದೆ. ಎಳನೀರು ಜೋರಾಗಿ ಹೀರಿದಾಗ ನೆನೆದ ಕಾಗದದ ಸ್ಟ್ರಾ ಒಳಕ್ಕೆ ಅಂಟಿಕೊಳ್ಳುವ ಹಾಗೆ, ಎಳೆದಷ್ಟೂ ಗಂಟಲು ಮುಚ್ಚಿಕೊಳ್ಳುತ್ತದೆ. ನಾಲಿಗೆಯ ದೊಡ್ಡ ಸ್ನಾಯು ಗದ್ದದ ಮೂಳೆಯ ಒಳಬದಿಗೆ ಅಂಟಿರುವುದರಿಂದ ದವಡೆ ಮುಂದೆ ಬಂದರೆ ನಾಲಿಗೆಯೂ ಬರುತ್ತದೆ. ಸ್ಕ್ಯಾನ್‌ಗಳಲ್ಲಿ ಇನ್ನೊಂದು ಕಂಡಿದೆ: ದವಡೆಯನ್ನು ಎಳೆಯುವುದು ಮುಂದಕ್ಕೆ, ಮೃದು ಅಂಗುಳದ ಹಿಂದಿನ ದಾರಿ ಹೆಚ್ಚಾಗಿ ಅಗಲವಾಗುವುದು ಅಕ್ಕಪಕ್ಕಕ್ಕೆ. ಪ್ಯಾರಿಸ್‌ನ ಪಿಯರ್ ರೋಬಾಂ, ಗದ್ದ ಚಿಕ್ಕದಾಗಿ ಹುಟ್ಟಿ ನಾಲಿಗೆ ಹಿಂದಕ್ಕೆ ಬಿದ್ದು ಉಸಿರುಗಟ್ಟುವ ಮಕ್ಕಳ ಚಿಂತೆಯಲ್ಲಿ ಕೆಳದವಡೆಯನ್ನು ಮುಂದೆ ನಿಲ್ಲಿಸುವ ಸಾಧನ ಮಾಡಿ ನೂರು ವರ್ಷ ದಾಟಿದೆ.

ವೈದ್ಯೆ ಈಗ ಎರಡೂ ಕಿವಿಗಳ ಮುಂದೆ ಬೆರಳಿಟ್ಟು ಬಾಯಿ ತೆಗೆಸಿ ಮುಚ್ಚಿಸುತ್ತಾರೆ. ಕೀಲು ಕಟಕಟ ಎನ್ನುತ್ತದೆಯೇ? ಇಲ್ಲ. ವಸಡು ಒತ್ತುತ್ತಾರೆ, ಹಲ್ಲು ಅಲುಗಿಸುತ್ತಾರೆ. ಸಾಧನಕ್ಕೆ ಹಿಡಿತ ಬೇಕಾದರೆ ಒಂದೊಂದು ದವಡೆಯಲ್ಲೂ ಎಂಟಾದರೂ ಗಟ್ಟಿ ಹಲ್ಲು ಇರಬೇಕು. ಪೂರ್ತಿ ಹಲ್ಲುಸೆಟ್ಟು ಹಾಕಿಕೊಂಡವರಿಗೆ ಸಾಮಾನ್ಯವಾಗಿ ಇದು ಆಗುವುದಿಲ್ಲ. ಇವರ ಒಂದು ದವಡೆಹಲ್ಲು ಹುಳುಕಾಗಿತ್ತು. ಅದನ್ನು ತುಂಬಿಸಿಕೊಂಡು ಬನ್ನಿ ಎಂದು ಮೊದಲೇ ವಾಪಸ್ ಕಳಿಸಿದ್ದರು.

ಅಳತೆ ತೆಗೆಯುವ ಹೊತ್ತು. ಸಹಾಯಕಿ ರಬ್ಬರ್ ಬಟ್ಟಲಿನಲ್ಲಿ ಆಲ್ಜಿನೇಟ್ ಪುಡಿಗೆ ನೀರು ಹಾಕಿ ಬಟ್ಟಲಿನ ಅಂಚಿಗೆ ತಿಕ್ಕಿ ತಿಕ್ಕಿ ಕಲಸುತ್ತಾಳೆ. ಸಮುದ್ರದ ಕಂದು ಪಾಚಿಯಿಂದ ಬರುವ ವಸ್ತು ಅದು, ಪುದೀನದ ವಾಸನೆ ಸೇರಿಸಿದ್ದಾರೆ. ಟ್ರೇ ತುಂಬಿ ಬಾಯೊಳಗೆ ಒತ್ತಿದ ಕೂಡಲೇ ಇವರ ಕಣ್ಣು ದೊಡ್ಡದಾಗುತ್ತದೆ, ಹೊಟ್ಟೆ ತೊಳಸುತ್ತದೆ. ಇಕ್ಕಟ್ಟಿನ ಗಂಟಲು, ಅದರ ಬಾಗಿಲಿಗೆ ತಣ್ಣನೆಯ ಮುದ್ದೆ. "ತಲೆ ಮುಂದೆ ಬಗ್ಗಿಸಿ. ಮೂಗಲ್ಲಿ ಉಸಿರಾಡಿ. ಬಲಗಾಲು ಎತ್ತಿ ಹಿಡ್ಕೊಳ್ಳಿ, ಇಳಿಸಬೇಡಿ." ಗಮನವೆಲ್ಲ ಕಾಲಿಗೆ ಹೋಗುತ್ತದೆ. ತುಟಿಯಂಚಿನಿಂದ ಜೊಲ್ಲು ಎದೆಮೇಲಿನ ಹಾಳೆಗೆ ಇಳಿಯುತ್ತದೆ. ಎರಡು ಮೂರು ನಿಮಿಷಕ್ಕೆ ಮುದ್ದೆ ಗಟ್ಟಿಯಾಗಿ ಫಟ್ಟನೆ ಬಿಟ್ಟುಕೊಳ್ಳುತ್ತದೆ. ಒಣಗಿದರೆ ಕುಗ್ಗುವುದರಿಂದ ತಡಮಾಡದೆ ಒಳಕೋಣೆಯಲ್ಲಿ ಕಲ್ಲುಪ್ಲಾಸ್ಟರ್ ಸುರಿಯುತ್ತಾರೆ. ಕೆಲವು ಕ್ಲಿನಿಕ್‌ಗಳಲ್ಲಿ ಈಗ ಕ್ಯಾಮೆರಾ ಕಡ್ಡಿಯೇ ಬಾಯೊಳಗೆ ಸುತ್ತಾಡಿ ಕಂಪ್ಯೂಟರಿನಲ್ಲಿ ಹಲ್ಲು ಮೂಡಿಸುತ್ತದೆ.

ಬಾಯಿ ತೊಳೆದುಕೊಂಡವರ ಮೊದಲ ಪ್ರಶ್ನೆ: "ಸ್ಕ್ರೂ ಪಿಚ್ ಎಷ್ಟು ಮೇಡಂ?"

ಉತ್ತರ ಎರಡು ವಾರದ ಮೇಲೆ ಅವರ ಅಂಗೈಗೇ ಬರುತ್ತದೆ. ಪಾರದರ್ಶಕ ಅಕ್ರಿಲಿಕ್‌ನ ಎರಡು ತುಂಡು. ಮೇಲಿನ ತುಂಡಿನ ಎರಡು ಬದಿಗೂ ಬೆಂಡೆಬೀಜಕ್ಕಿಂತ ತುಸು ದೊಡ್ಡ ಸ್ಟೀಲ್ ಸ್ಕ್ರೂ, ಕೆಳಗಿನದರಲ್ಲಿ ಅದಕ್ಕೆ ಆತುಕೊಳ್ಳುವ ಎರಡು ರೆಕ್ಕೆ. ಬಾಯಿ ಮುಚ್ಚಿದಾಗ ರೆಕ್ಕೆಗಳು ಸ್ಕ್ರೂನ ಮುಂದೆ ನಿಂತು ದವಡೆ ಹಿಂದೆ ಜಾರದಂತೆ ತಡೆಯುತ್ತವೆ. ಅವರು ಕನ್ನಡಕ ಹಾಕಿಕೊಂಡು ಬೆಳಕಿಗೆ ಹಿಡಿದು ತಿರುಗಿಸಿ ನೋಡುತ್ತಾರೆ. ಒಳಮೈಯಲ್ಲಿ ಅವರದೇ ಹಲ್ಲುಗಳ ಒಂದೊಂದು ಕುಳಿಯೂ ಇದೆ, ಹೊಸದಾಗಿ ತುಂಬಿಸಿದ ದವಡೆಹಲ್ಲಿನದೂ. ಕಾಲು ಸುತ್ತಿಗೆ ಕಾಲು ಮಿಲಿಮೀಟರ್, ಎರಡೂ ಬದಿ ಸಮನಾಗಿ ತಿರುಗಿಸಬೇಕು ಎಂದು ವೈದ್ಯೆ ಕೀಲಿಕಡ್ಡಿ ಕೊಡುತ್ತಾರೆ. "ಗೊತ್ತಾಯ್ತು ಬಿಡಿ," ಎನ್ನುವವರ ಮುಖದಲ್ಲಿ ಮೊದಲ ಸಲ ನೆಮ್ಮದಿ. ಬಾಯಿಗೆ ಕೂರಿಸಿದಾಗ ಎಡಗಡೆ ಹಿಂದೆ ಚುಚ್ಚುತ್ತದೆ. ವೈದ್ಯೆ ಬಣ್ಣದ ಕಾಗದ ಕಚ್ಚಿಸಿ, ಕಲೆ ಬಿದ್ದ ಜಾಗವನ್ನು ಮೆಲ್ಲಗೆ ತೇಯುತ್ತಾರೆ. ಮತ್ತೆ ಹಾಕಿ, ಮತ್ತೆ ತೆಗೆದು, ಮತ್ತೆ ತೇಯುತ್ತಾರೆ.

ಬಿಸಿನೀರಲ್ಲಿ ಮುಳುಗಿಸಿ ಕಚ್ಚಿಕೊಳ್ಳುವ ಸಿದ್ಧ ಸಾಧನ ಆನ್‌ಲೈನ್‌ನಲ್ಲಿ ಸಿಗುತ್ತದಲ್ಲ, ಅಗ್ಗ ಕೂಡ, ಎಂದು ಹೆಂಡತಿ ಕೇಳುತ್ತಾರೆ. ಬೆಲ್ಜಿಯಂನಲ್ಲಿ ಎರಡನ್ನೂ ಒಂದೇ ರೋಗಿಗಳಿಗೆ ಕೊಟ್ಟು ನೋಡಿ 2008ರಲ್ಲಿ ಪ್ರಕಟಿಸಿದ್ದಾರೆ. ಅಳತೆಗೆ ಮಾಡಿದ್ದೇ ಮೇಲು ಎಂದು ಕಂಡಿತು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವ ಭಯ ಬೇರೆ. ಪರೀಕ್ಷೆಯಿಲ್ಲದೆ ತರಿಸಿಕೊಂಡವರು ಸದ್ದು ಅಡಗಿತೆಂದು ಖುಷಿಪಡುತ್ತಾರೆ, ಒಳಗೆ ಉಸಿರು ನಿಲ್ಲುತ್ತಲೇ ಇರಬಹುದು.

ಮೊದಲ ವಾರಗಳು ಸುಲಭವಲ್ಲ. ದಿಂಬು ಜೊಲ್ಲಿನಿಂದ ಒದ್ದೆ. ಬೆಳಿಗ್ಗೆ ಕೆನ್ನೆಯ ಸ್ನಾಯು ಹಿಡಿದಿರುತ್ತದೆ, ಸಾಧನ ತೆಗೆದ ಮೇಲೂ ದವಡೆ ಮುಂದೆಯೇ ನಿಂತು ಹಿಂದಿನ ಹಲ್ಲುಗಳು ಒಂದಕ್ಕೊಂದು ತಾಕುವುದಿಲ್ಲ. ಇದಕ್ಕೆಂದೇ ಮಾಡಿಕೊಟ್ಟ ಪುಟ್ಟ ಕಚ್ಚುಪಟ್ಟಿಯನ್ನು ಕಾಲು ಗಂಟೆ ಕಚ್ಚಿ ಕೂತರೆ ದವಡೆ ಸ್ವಸ್ಥಾನಕ್ಕೆ ಮರಳುತ್ತದೆ, ತಿಂಡಿ ಅದಾದ ಮೇಲೆಯೇ. ಅಡುಗೆಮನೆಯಿಂದ "ರೀ, ದೋಸೆ ಆರೋಗುತ್ತೆ" ಎಂದು ಕೂಗಿದರೆ ಇವರು ಬೆರಳು ತೋರಿಸಿ ಇನ್ನೂ ಐದು ನಿಮಿಷ ಎನ್ನುತ್ತಾರೆ. ಸಾಧನವನ್ನು ತಣ್ಣೀರಲ್ಲಿ ಮೆತ್ತನೆ ಬ್ರಶ್ಶಿನಿಂದ ತೊಳೆಯಬೇಕು. ಬಿಸಿನೀರಿಗೆ ಅದು ಸೊಟ್ಟಗಾಗುತ್ತದೆ. ಕ್ಯಾಲೆಂಡರಿನಲ್ಲಿ ಅವರದೇ ಗುರುತು: ಭಾನುವಾರಕ್ಕೊಮ್ಮೆ ಕಾಲು ಸುತ್ತು ಎರಡು ಸಲ, ಎರಡೂ ಬದಿ. ವರ್ಷಗಟ್ಟಲೆ ಹಾಕಿದರೆ ಹಲ್ಲಿನ ಕಚ್ಚುವಿಕೆಯೇ ಸ್ವಲ್ಪ ಬದಲಾಗಬಹುದು ಎಂಬುದನ್ನು ವೈದ್ಯೆ ಮುಚ್ಚಿಟ್ಟಿಲ್ಲ. ಅದಕ್ಕೇ ಆರು ತಿಂಗಳಿಗೊಮ್ಮೆ ಬರಹೇಳಿದ್ದಾರೆ.

ಐದನೇ ಭಾನುವಾರದ ಹೊತ್ತಿಗೆ ಮನೆ ನಿಶ್ಶಬ್ದ. ದಂಪತಿ ಮೈಸೂರುಪಾಕಿನ ಪೊಟ್ಟಣ ಹಿಡಿದು ಕ್ಲಿನಿಕ್ಕಿಗೆ ಬರುತ್ತಾರೆ.

ವೈದ್ಯೆ ನಗುತ್ತಾ ತೆಗೆದುಕೊಳ್ಳುತ್ತಾರೆ, ಆದರೆ ಮಣಿಯುವುದಿಲ್ಲ. "ಇದು ಬಾಯಲ್ಲಿರುವಾಗಲೇ ಮತ್ತೆ ನಿದ್ದೆ ಪರೀಕ್ಷೆ ಆಗಬೇಕು ಸಾರ್. ಸದ್ದು ನಿಂತಿದೆ ಅಂದ ಮಾತ್ರಕ್ಕೆ ನಾನು ಒಪ್ಪಲ್ಲ." ಈ ಹಟಕ್ಕಾಗಿ ಆಕೆಯ ಬಗ್ಗೆ ನನಗೆ ಬಹಳ ಗೌರವ. ಚಿಕಿತ್ಸೆಯ ಅರ್ಧ ಭಾಗ ಇಲ್ಲಿದೆ, ಹೆಚ್ಚಿನವರು ಬಿಟ್ಟುಬಿಡುವುದೂ ಇಲ್ಲೇ.

ವರದಿ ಬರುತ್ತದೆ. ಗಂಟೆಗೆ 22 ಇದ್ದದ್ದು 9ಕ್ಕೆ ಇಳಿದಿದೆ, ಆಮ್ಲಜನಕ 88ಕ್ಕಿಂತ ಕೆಳಗೆ ಹೋಗಿಲ್ಲ. ಹೆಂಡತಿ ಕೈಮುಗಿಯುತ್ತಾರೆ. ವೈದ್ಯೆಯ ಬೆರಳು ಮಾತ್ರ ಕೆಳಗಿನ ಸಾಲಿಗೆ ಹೋಗುತ್ತದೆ: ಮಗ್ಗುಲಾಗಿ ಮಲಗಿದಾಗ 5, ಅಂಗಾತ ಮಲಗಿದಾಗ 19. ಗೊರಕೆಯಿಲ್ಲದ ಅದೇ ರಾತ್ರಿಗಳಲ್ಲಿ.

"ಇನ್ನೊಂದು ಮಿಲಿಮೀಟರ್ ಇದೆ ಸಾರ್, ನಿಧಾನಕ್ಕೆ ಹೋಗೋಣ. ಅಂಗಾತ ಮಲಗೋದು ಬಿಡಿ. ಇನ್ನು ಹೊಸೂರಿನ ಗಾಡಿ..."

"ಈಗ ನಿದ್ದೆ ಬರಲ್ಲ ಮೇಡಂ, ಓಡಿಸ್ತೀನಿ."

"ಮುಂದಿನ ಪರೀಕ್ಷೆವರೆಗೂ ಬೇಡ. ಮಗನ ಕೈಗೆ ಕೊಡಿ."

ಅವರು ಹೆಂಡತಿಯ ಕಡೆ ನೋಡುತ್ತಾರೆ. ಆಕೆ ಆಗಲೇ ಮಗನಿಗೆ ಫೋನ್ ಹಚ್ಚಿದ್ದಾರೆ. ವೈದ್ಯೆ ನಿದ್ದೆಯ ತಜ್ಞರಿಗೆ ಪತ್ರ ಬರೆಯಲು ಕೂರುತ್ತಾರೆ. ಎರಡೂ ಅಂಕಿಗಳನ್ನು ಬರೆದು 19ರ ಕೆಳಗೆ ಗೆರೆ ಎಳೆಯುತ್ತಾರೆ.