ಪಂಕ್ತಿಭೇದ

ಮಳೆ ಹೀಗೆ ಜಡಿ ಹಿಡಿದು, ಕರೆಂಟು ಹೋಗಿ, ಮನೆಮಂದಿಯೆಲ್ಲ ಬಚ್ಚಲೊಲೆಯ ಮುಂದೆ ಸೇರಿದಾಗಲೆಲ್ಲ ನನಗೆ 2014ರ ಮಳೆಗಾಲದ ಒಂದು ಮಧ್ಯಾಹ್ನ ನೆನಪಾಗುತ್ತದೆ. ಸಾಗರದ ಕಡೆಯ ಒಂದು ಸರ್ಕಾರಿ ಹೈಸ್ಕೂಲು. ಹಂಚಿನ ಮಾಡು, ತೇವಕ್ಕೆ ಉಬ್ಬಿದ ಕಿಟಕಿ ಬಾಗಿಲು, ಗೋಡೆಗೆ ಒತ್ತಿ ಜೋಡಿಸಿದ ಹನ್ನೆರಡು ಹಳೆಯ ಕಂಪ್ಯೂಟರುಗಳು.

ಆ ಕಂಪ್ಯೂಟರುಗಳನ್ನು ಯಾರೋ ಬೇಡವೆಂದು ಕೊಟ್ಟದ್ದು. ನಾನೂ ನನ್ನ ಗೆಳೆಯನೂ ಅವುಗಳ ಹಾರ್ಡ್ ಡಿಸ್ಕ್ ಬಿಚ್ಚಿ ಪಕ್ಕಕ್ಕಿಟ್ಟಿದ್ದೆವು. ಮೂಲೆಯಲ್ಲಿ ಒಂದೇ ಒಂದು ಗಟ್ಟಿ ಯಂತ್ರ, ಅದು ಸರ್ವರ್. ಮಿಕ್ಕವೆಲ್ಲ ಥಿನ್ ಕ್ಲೈಂಟ್‌ಗಳು, ಅಂದರೆ ಪರದೆ, ಕೀಲಿಮಣೆ, ಮೌಸು ಮತ್ತು ಒಂದು ನೆಟ್‌ವರ್ಕ್ ತಂತಿ, ಅಷ್ಟೇ. ಸ್ವಿಚ್ ಹಾಕಿದೊಡನೆ ಪ್ರತಿಯೊಂದೂ ತಂತಿಯ ಮೇಲೆ ‘ನನಗೊಂದು ವಿಳಾಸ ಕೊಡಿ’ ಎಂದು ಕೂಗುತ್ತದೆ. ಸರ್ವರ್ ವಿಳಾಸವನ್ನೂ ಕೊಟ್ಟು, ಏಳಲು ಬೇಕಾದ ಲಿನಕ್ಸ್ ಕರ್ನೆಲನ್ನೂ ಕಳಿಸುತ್ತದೆ. ಇದಕ್ಕೆಲ್ಲ ನಾವು ನೆಚ್ಚಿಕೊಂಡದ್ದು, ಅಮೆರಿಕದ ಜಿಮ್ ಮೆಕ್‌ಕ್ವಿಲನ್ ಮತ್ತು ಜೊತೆಗಾರರು 1999ರಲ್ಲಿ ಶುರುಮಾಡಿದ ಎಲ್‌ಟಿಎಸ್‌ಪಿ ಎಂಬ ಮುಕ್ತ ತಂತ್ರಾಂಶವನ್ನು. ಎದ್ದ ಯಂತ್ರ ನೇರವಾಗಿ ಸರ್ವರಿನ 3389ನೇ ಪೋರ್ಟಿನ ಬಾಗಿಲು ತಟ್ಟುತ್ತದೆ. ಅಲ್ಲಿ ಎಕ್ಸ್‌ಆರ್‌ಡಿಪಿ ಎಂಬ ಸೇವೆ ಕಾದಿರುತ್ತದೆ. ಹೆಸರು, ಪಾಸ್‌ವರ್ಡ್ ಕೊಟ್ಟ ಮಗುವಿಗೆ ಅದರದೇ ಡೆಸ್ಕ್‌ಟಾಪ್ ತೆರೆಯುತ್ತದೆ.

ಮಕ್ಕಳಿಗೆ ನಾನು ಹೇಳಿಕೊಟ್ಟದ್ದು ಹೀಗೆ: “ಅಡುಗೆಮನೆ ಒಂದೇ, ಎಲೆ ಹನ್ನೆರಡು. ಅನ್ನ ಬೇಯೋದು ಒಳಗೆ. ನೀವು ಯಾವ ಎಲೆ ಮುಂದೆ ಕೂತರೂ ನಿಮ್ಮ ಊಟ ನಿಮಗೇ ಬರುತ್ತೆ. ಕರೆಂಟು ಹೋದರೂ ಹೆದರಬೇಡಿ. ಸರ್ವರ್‌ಗೆ ಯುಪಿಎಸ್ ಇದೆ, ನೀವು ಬರೆದದ್ದು ಅಲ್ಲೇ ಇರುತ್ತೆ.”

ಮಾತು ಕೊಟ್ಟಾಗಿತ್ತು.

ಆ ಮಧ್ಯಾಹ್ನ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಅಪ್ಪೆಮಿಡಿಯ ಬಗ್ಗೆ ಪ್ರಬಂಧ ಬರೆಯುತ್ತಿದ್ದಳು. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ ಅವಳ ಬೆರಳಿಗೆ ಆಗಲೇ ಒಗ್ಗಿತ್ತು. ಒಂದೂವರೆ ಪುಟ ತುಂಬಿರಬೇಕು. ಗಾಳಿ ಬೀಸಿತು, ಎಲ್ಲೋ ಮರ ಬಿತ್ತು, ಹನ್ನೆರಡು ಪರದೆಗಳೂ ಕಪ್ಪಾದವು. ಸರ್ವರಿನ ಹಸಿರು ದೀಪ ಮಾತ್ರ ಉರಿಯುತ್ತಲೇ ಇತ್ತು. ನಾನು ಅದನ್ನು ತೋರಿಸಿ ಧೈರ್ಯ ಹೇಳಿದೆ.

ಕಾಲು ಗಂಟೆಯಲ್ಲಿ ಕರೆಂಟು ಬಂತು. ಮಕ್ಕಳು ಮತ್ತೆ ಲಾಗಿನ್ ಆದರು. ಬಿಟ್ಟಲ್ಲಿಂದಲೇ ಕೆಲಸ ಮುಂದುವರಿಯಿತು. ಆದರೆ ಆ ಹುಡುಗಿಯ ಹಳೆಯ ಮಾನಿಟರ್ ಮತ್ತೆ ಹೊತ್ತಿಕೊಳ್ಳಲಿಲ್ಲ. ಅವಳು ಎದ್ದು ಕೊನೆಯ ಸಾಲಿನ ಹೊಸ ಎಲ್‌ಸಿಡಿ ಪರದೆಯ ಮುಂದೆ ಕೂತಳು. ಸ್ವಲ್ಪ ಹೊತ್ತಿಗೆ ಅವಳ ಸಣ್ಣ ದನಿ ಕೇಳಿತು. “ಸರ್, ನಾ ಬರ್ದಿದ್ದೆಲ್ಲ ಹೋಯ್ತು.”

ಹೋಗಿ ನೋಡಿದೆ. ಹೆಸರು ಅವಳದೇ. ಆದರೆ ಡೆಸ್ಕ್‌ಟಾಪ್ ಗುಡಿಸಿಟ್ಟ ಜಗುಲಿಯ ಹಾಗೆ ಖಾಲಿ. ಪ್ರಬಂಧ ಬರೆಯುವ ತಂತ್ರಾಂಶ ರೈಟರ್ ತೆರೆಯಲು ಕ್ಲಿಕ್ ಮಾಡಿದೆ, ಏನೂ ಬರಲಿಲ್ಲ. ಇನ್ನೊಮ್ಮೆ, ಮತ್ತೊಮ್ಮೆ. ತಪ್ಪಿನ ಸಂದೇಶವೂ ಇಲ್ಲ. “ಇರಲಿ ಬಿಡಿ, ಮತ್ತೆ ಬರೀತಾಳೆ” ಎಂದು ಮೇಷ್ಟ್ರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನನಗೆ ಮಾತ್ರ ಹಾಗೆ ಬಿಡಲಾಗಲಿಲ್ಲ. ಹೆದರಬೇಡಿ ಎಂದವನು ನಾನು.

ಸರ್ವರಿನ ಮುಂದೆ ಕೂತು, ಓಡುತ್ತಿರುವ ಕೆಲಸಗಳ ಪಟ್ಟಿ ತೆಗೆದೆ. ಪ್ರತಿ ಮಗುವಿನ ಹೆಸರಿನಲ್ಲಿ, ಅದರ ಡೆಸ್ಕ್‌ಟಾಪ್ ನಡೆಸುವ ‘ಎಕ್ಸ್‌ವಿಎನ್‌ಸಿ’ ಎಂಬ ಒಂದೊಂದು ಸಾಲು ಇರಬೇಕು. ಈ ಹುಡುಗಿಯ ಹೆಸರಿನಲ್ಲಿ ಎರಡಿದ್ದವು! ಎರಡನ್ನೂ ಒಂದರ ಕೆಳಗೊಂದಿಟ್ಟು ಅಕ್ಷರ ಅಕ್ಷರವಾಗಿ ಓದಿದೆ. ಒಂದರಲ್ಲಿ ಪರದೆಯ ಅಳತೆ 1024x768 ಎಂದಿತ್ತು. ಇನ್ನೊಂದರಲ್ಲಿ 1280x1024.

ಆಗ ಗುಟ್ಟು ತಿಳಿಯಿತು. ಹಳೆಯ ಎಂಟು ಮಾನಿಟರುಗಳು ಹದಿನೈದು ಇಂಚಿನ ಡಬ್ಬಗಳು, ಕೊನೆಯ ನಾಲ್ಕು ಹದಿನೇಳು ಇಂಚಿನ ಎಲ್‌ಸಿಡಿಗಳು. ಒಂದೊಂದೂ ತನ್ನ ಅಳತೆ ಹೇಳಿಕೊಂಡು ಸರ್ವರಿನ ಬಾಗಿಲಿಗೆ ಹೋಗುತ್ತಿತ್ತು. ಬಾಗಿಲಲ್ಲಿ ಕೂತ ಸೇವೆ ಆ ದಿನಗಳಲ್ಲಿ ಹೆಸರೊಂದನ್ನೇ ಕೇಳುತ್ತಿರಲಿಲ್ಲ. ಬಣ್ಣದ ಆಳ ಎಷ್ಟು, ಪರದೆಯ ಅಗಲ ಎತ್ತರ ಎಷ್ಟು ಎಂದೂ ನೋಡುತ್ತಿತ್ತು. ಮೂರೂ ಹೊಂದಿದರೆ ಹಳೆಯ ಸೆಷನ್ನಿಗೇ, ಅಂದರೆ ತೆರೆದಿಟ್ಟಿದ್ದ ಡೆಸ್ಕ್‌ಟಾಪಿಗೇ, ಒಯ್ದು ಕೂರಿಸುತ್ತಿತ್ತು. ಒಂದು ತಪ್ಪಿದರೂ ಹೊಸ ಕೋಣೆ ತೆರೆದುಬಿಡುತ್ತಿತ್ತು. ಹುಡುಗಿ ಬಂದಿದ್ದಳು, ಅವಳ ಬರಹವೂ ಇತ್ತು. ಇಬ್ಬರೂ ಬೇರೆ ಬೇರೆ ಕೋಣೆಯಲ್ಲಿದ್ದರು.

ಒಬ್ಬ ಹಿರಿಯ ಹುಡುಗನನ್ನು ಎಬ್ಬಿಸಿ, ಅವನು ಕೂತಿದ್ದ ಹದಿನೈದು ಇಂಚಿನ ಪರದೆಯ ಮುಂದೆ ಅವಳನ್ನು ಕೂರಿಸಿದೆ. ಅವಳು ಪಾಸ್‌ವರ್ಡ್ ಒತ್ತುವಾಗ ಕೋಣೆಯೆಲ್ಲ ಸುಮ್ಮನಾಗಿತ್ತು, ಹಂಚಿನ ಮೇಲೆ ಮಳೆಯ ಸದ್ದೊಂದೇ. ಪರದೆ ತೆರೆಯಿತು. ಮೊದಲು ಕಂಡದ್ದು ಖಾಲಿ ಪುಟ. ನನ್ನ ಎದೆ ಧಸಕ್ಕೆಂದಿತು. ಅದನ್ನು ಮುಚ್ಚಿದಳು, ಅದರ ಕೆಳಗೆ ಇನ್ನೊಂದು ಖಾಲಿ ಪುಟ. ಅದರ ಕೆಳಗೆ ಮತ್ತೊಂದು. ಆಮೇಲೆ ಹೊಳೆಯಿತು: ಆಗ ನಾನು ಮೂರು ಸಲ ಒತ್ತಿದ್ದಕ್ಕೆ ರೈಟರ್ ಓಗೊಟ್ಟಿತ್ತು. ಆದರೆ ಅದು ಓಡುತ್ತಿದ್ದ ಹಳೆಯ ಕೋಣೆಯಲ್ಲೇ ಓಗೊಟ್ಟಿತ್ತು, ನಮಗೆ ಕೇಳಿಸದ ಕಡೆ. ಮೂರನೆಯದನ್ನೂ ಮುಚ್ಚಿದಾಗ ಅಡಿಯಲ್ಲಿ ಅವಳ ಒಂದೂವರೆ ಪುಟವಿತ್ತು. ‘ಮಿಡಿ ನೆಲಕ್ಕೆ ಬಿದ್ದರೆ ಉಪ್ಪಿನಕಾಯಿ ಬಾಳುವುದಿಲ್ಲ. ಅದಕ್ಕೇ ಅಜ್ಜ ಮರದ ಮೇಲಿಂದ’ ಎಂಬಲ್ಲಿ ವಾಕ್ಯ ನಿಂತಿತ್ತು. ಅದರ ಮುಂದೆ ಕರ್ಸರ್ ಮಿಡಿಯುತ್ತಿತ್ತು.

ಸಂಜೆ ಮಕ್ಕಳು ಹೋದ ಮೇಲೆ ನಾನೂ ಗೆಳೆಯನೂ ಕೂತೆವು. ಊಟಕ್ಕೆ ಕೂರಿಸಿ ಒಬ್ಬರಿಗೊಂದು ಇನ್ನೊಬ್ಬರಿಗೊಂದು ಬಡಿಸುವುದನ್ನು ನಮ್ಮ ಕಡೆ ಪಂಕ್ತಿಭೇದ ಎನ್ನುತ್ತಾರೆ, ಅದಕ್ಕಿಂತ ದೊಡ್ಡ ತಪ್ಪಿಲ್ಲ ಎನ್ನುತ್ತಾರೆ. ಒಳ್ಳೆಯ ಪರದೆಯ ಆಸೆಗೆ ಬಿದ್ದು ನಾವು ಮಾಡಿದ್ದು ಅದನ್ನೇ. ಒಂದೊಂದು ಪರದೆಗೂ ಅದರ ಪೂರ್ತಿ ಅಳತೆ ಸಿಗಲಿ ಎಂದುಕೊಂಡೆವು, ಕೂತ ಜಾಗ ಬದಲಾದರೆ ಮಗುವಿಗೆ ಏನಾಗುತ್ತದೆಂದು ಯೋಚಿಸಲಿಲ್ಲ.

ಸರಿಪಡಿಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಹನ್ನೆರಡು ಯಂತ್ರಗಳೂ ಏಳುವಾಗ ಓದುವ ಕಡತ ಸರ್ವರಿನಲ್ಲಿ ಒಂದೇ. ಎಲ್ಲಕ್ಕೂ 1024x768, ಎಲ್ಲಕ್ಕೂ 16 ಬಿಟ್ ಬಣ್ಣ ಎಂದು ಅದರಲ್ಲಿ ಬರೆದೆವು. ಅದಕ್ಕೊಂದು ಬೆಲೆಯೂ ಇತ್ತು. ಎಲ್‌ಸಿಡಿಯಲ್ಲಿ ಚಿತ್ರ ಹಿಗ್ಗಿ ಒತ್ತಕ್ಷರಗಳು ತುಸು ಮಸುಕಾದವು. ‘ಷ್ಟ್ರ’ದಂಥ ಕಡೆ ಕಣ್ಣು ಕಿರಿದು ಮಾಡಬೇಕಿತ್ತು. ಅಕ್ಷರದ ಗಾತ್ರ ಒಂದಿಷ್ಟು ದೊಡ್ಡದು ಮಾಡಿದೆವು, ಓದುವಂತಾಯಿತು.

ಇನ್ನೊಂದು ಕಲಿಸುವುದೂ ಬಾಕಿಯಿತ್ತು. ಸೆಷನ್ ಹಾಗೇ ಉಳಿಯುತ್ತದೆ ಎಂದರೆ ಅದು ಸರ್ವರಿನ ಮೆಮೊರಿಯಲ್ಲಿ ಜಾಗ ಹಿಡಿದುಕೊಂಡೇ ಇರುತ್ತದೆ. ಎಲ್ಲರೂ ಹಾಗೇ ಎದ್ದು ಹೋದರೆ ಮಾರನೆಯ ತರಗತಿಗೆ ಯಂತ್ರ ತೆವಳುತ್ತದೆ. ಮರುದಿನ ಮಕ್ಕಳಿಗೆ ಹೇಳಿದೆ: “ಕರೆಂಟು ಎಬ್ಬಿಸಿದರೆ ಎಲೆ ಹಾಗೇ ಇರಲಿ, ತಿರುಗಿ ಬಂದು ಕೂರಬಹುದು. ಊಟ ಮುಗಿದ ಮೇಲೆ ಎದ್ದರೆ ಎಲೆ ತೆಗೆದು ಹೋಗಬೇಕು.” ಲಾಗೌಟ್ ಎಂಬ ಪದಕ್ಕೆ ಆ ಶಾಲೆಯಲ್ಲಿ ‘ಎಲೆ ತೆಗೆಯೋದು’ ಎಂದೇ ಹೆಸರಾಯಿತು.

ಮುಂದಿನ ವಾರ ಮತ್ತೆ ಹೋದೆ. ಮಳೆ ಹಾಗೇ ಇತ್ತು, ಕರೆಂಟು ಹೋಗಿ ಬಂತು. ಹುಡುಗಿ ತಾನಾಗಿಯೇ ಎದ್ದು ಕೊನೆಯ ಸಾಲಿನ ಎಲ್‌ಸಿಡಿಯ ಮುಂದೆ ಕೂತು ಪಾಸ್‌ವರ್ಡ್ ಒತ್ತಿದಳು. ಅವಳ ಪುಟ ಅಲ್ಲಿಯೂ ಬಂತು. ನಾನು ಹಿಂದೆ ನಿಂತು, ತುಸು ಮಸುಕಾದ ಅಕ್ಷರಗಳಲ್ಲಿ ಆ ವಾಕ್ಯದ ಉಳಿದರ್ಧವನ್ನು ಓದಿದೆ. ಅಜ್ಜ ಮರದ ಮೇಲಿಂದ ಚೀಲಕ್ಕೆ ಹಗ್ಗ ಕಟ್ಟಿ, ಒಂದು ಮಿಡಿಯೂ ನೆಲಕ್ಕೆ ಬಡಿಯದ ಹಾಗೆ, ಮೆಲ್ಲಗೆ ಕೆಳಗಿಳಿಸುತ್ತಾರಂತೆ.