ನೀರು ಸಮವಾ?

ನೀರು ಕಟ್ಟಿದರೆ ಗದ್ದೆಯ ಬಂಡವಾಳ ಗೊತ್ತಾಗ್ತದೆ ಅಂತ ಅಪ್ಪಯ್ಯ ಹೇಳ್ತಿದ್ದರು. ಹಲಗೆ ಹೊಡೆದಾದ ಮೇಲೆ ನೀರು ನಿಲ್ಲಿಸಿ, ಅಂಚಿನ ಮೇಲೆ ಕೂತು ನೋಡುತ್ತಿದ್ದರು. ಎಲ್ಲಿ ಕೆಸರು ತಲೆ ಎತ್ತಿದೆಯೋ ಅಲ್ಲಿಂದ ತೆಗೆದು ತಗ್ಗಿಗೆ ಹಾಕೋದು ನನ್ನ ಕೆಲಸ. ಮಲ್ಪೆ ಕಡಲಿಗೆ ಹತ್ತಿರದ ಊರು ನಮ್ಮದು. ನೀರಿಗಿಂತ ಸಮ ಬೇರೆ ಇಲ್ಲ ಅನ್ನೋದನ್ನು ನಮ್ಮ ಮನೆಯಲ್ಲಿ ಯಾರೂ ಪ್ರಶ್ನಿಸಿದ್ದಿಲ್ಲ.

ಬಿಇ ಮುಗಿಸಿ ಬೆಂಗಳೂರಿಗೆ ಬಂದು ಹತ್ತು ವರ್ಷವಾದ ಮೇಲೆ, ಒಂದು ರಾತ್ರಿ ಆಫೀಸಿನಲ್ಲಿ ಬಿಲ್ಡ್ ಮುಗಿಯೋದನ್ನು ಕಾಯುತ್ತಾ ಗೂಗಲ್ ಅರ್ಥ್‌ನಲ್ಲಿ ಸಮುದ್ರದ ತಳ ನೋಡ್ತಿದ್ದೆ. ಬೆಟ್ಟ, ಕಣಿವೆ, ಬಿರುಕು ಎಲ್ಲ ಕಾಣ್ತಿತ್ತು. ರೇಡಾರ್ ನೀರಿನೊಳಗೆ ಇಳಿಯೋದಿಲ್ಲ, ಮತ್ತೆ ಇದೆಲ್ಲ ಹೇಗೆ ಕಂಡಿತು?

ಉಪಗ್ರಹ ತಳವನ್ನು ನೋಡೋದೇ ಇಲ್ಲವಂತೆ! ಸುಮಾರು 800 ಕಿ.ಮೀ. ಮೇಲಿಂದ ನೀರಿನ ಮೇಲ್ಮೈಯ ಎತ್ತರವನ್ನಷ್ಟೇ ಸೆಂಟಿಮೀಟರುಗಳ ಲೆಕ್ಕದಲ್ಲಿ ಅಳೀತದೆ. ಅಲೆ, ಉಬ್ಬರವಿಳಿತ ಎಲ್ಲ ಕಳೆದರೂ ಏರುತಗ್ಗು ಉಳೀತದೆ. ತಳದಲ್ಲಿ 2000 ಮೀಟರಿನ ಬೆಟ್ಟ ಇದ್ದರೆ ಅದರ ಕಲ್ಲು ಸುತ್ತಲಿನ ನೀರನ್ನು ತನ್ನತ್ತ ಎಳೆದು, ಮೇಲೆ ಸುಮಾರು 2 ಮೀಟರಿನ ದಿಬ್ಬ ಎಬ್ಬಿಸ್ತದೆ. ಹತ್ತಾರು ಕಿಲೋಮೀಟರ್ ಅಗಲಕ್ಕೆ ಹರಡಿರುವುದರಿಂದ ಹಡಗಿನವರಿಗೆ ಗೊತ್ತೇ ಆಗೋದಿಲ್ಲ. ಅಮೆರಿಕದ ನೌಕಾಪಡೆ 1985ರಲ್ಲಿ ಹಾರಿಸಿದ ಜಿಯೋಸ್ಯಾಟ್ ಇದನ್ನು ಅಳೆದಿತ್ತು. ಜಲಾಂತರ್ಗಾಮಿಗಳ ಕ್ಷಿಪಣಿ ಗುರಿಗೆ ಬೇಕಾದ ಲೆಕ್ಕ ಅದು. ಪೂರ್ತಿಯಾಗಿ ಹೊರಗೆ ಬಂದದ್ದು 1995ರಲ್ಲಿ.

ನನಗೆ ಹಿಡಿಸಿದ್ದು ಅದರ ಮುಂದಿನ ಲೆಕ್ಕ. ಭೂಕವಚ ಅದರ ಕೆಳಗಿನ ಮ್ಯಾಂಟಲ್‌ಗಿಂತ ಹಗುರ. ನೀರಿನ ಆಳದ್ದು, ಹೂಳಿನದ್ದು ಅಂತ ಗೊತ್ತಿರುವ ಸೆಳೆತವನ್ನೆಲ್ಲ ಕಳೀತಾ ಹೋದರೆ ಕವಚ ಎಷ್ಟು ದಪ್ಪ ಅನ್ನೋದರ ಸುಳಿವು ಉಳೀತದೆ. ನಾವು ಬಗ್ ಹುಡುಕೋದೂ ಹೀಗೇ. ಆದರೆ ಗುರುತ್ವ ಒಂದನ್ನೇ ನಂಬಿದರೆ ಮೋಸ ಹೋಗಬಹುದು. ಆಳದ ಭಾರವೂ ಮೇಲಿನ ಹಗುರವೂ ಒಂದೇ ಅಂಕಿ ಕೊಟ್ಟಾವು. ಕಲ್ಲಿನ ಸಾಕ್ಷಿ ಬೇಕು.

ಮಾರಿಷಸ್‌ನಲ್ಲಿ ಅಂಥ ಸಾಕ್ಷಿ ಸಿಕ್ಕಿತು. ಸಾಗರದ ಕವಚ ಸಾಮಾನ್ಯವಾಗಿ 7 ಕಿ.ಮೀ. ದಪ್ಪ, ಅಲ್ಲಿ ಗುರುತ್ವದ ಲೆಕ್ಕ ಅದರ ಮೂರು ಪಟ್ಟಿಗೂ ಹೆಚ್ಚು ತೋರಿಸಿತು. ದ್ವೀಪದ ಲಾವಾಕ್ಕೆ ಹೆಚ್ಚೆಂದರೆ 90 ಲಕ್ಷ ವರ್ಷ. ಕಡಲ ತೀರದ ಮರಳಲ್ಲಿದ್ದ ಜಿರ್ಕಾನ್ ಹರಳಿಗೆ 66 ಕೋಟಿ ವರ್ಷಕ್ಕೂ ಮೇಲೆ! ಓಸ್ಲೋದ ಟಾರ್ಸ್ವಿಕ್ ಮತ್ತು ಸಂಗಡಿಗರು 2013ರಲ್ಲಿ, ಲಾವಾದ ಅಡಿಯಲ್ಲಿ ಮುಳುಗಿದ ನೆಲದ ಚೂರೊಂದಿದೆ, ಒಂದು ಕಾಲದಲ್ಲಿ ಅದು ಭಾರತಕ್ಕೂ ಮಡಗಾಸ್ಕರ್‌ಗೂ ನಡುವೆ ಇತ್ತು ಅಂದರು. ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳೂ ಆ ಬೇರ್ಪಡುವಿಕೆಯ ಕಾಲದವು, ಸುಮಾರು 8.8 ಕೋಟಿ ವರ್ಷ ಹಿಂದಿನವು. ಹುಡುಗರಾಗಿದ್ದಾಗ ಅದರ ಮೇಲೆ ಕೂತು ಚುರುಮುರಿ ತಿಂದಿದ್ದೇವೆ.

ಈ ಮೇ ಕೊನೆಗೆ ಊರಿಗೆ ಹೋದಾಗ ಅಪ್ಪಯ್ಯನಿಗೆ ಹೇಳಿದೆ.

"ಅಂದ್ರೆ ನೀರು ಸಮ ಇಲ್ಲ ಅಂತಲಾ?"

"ಹಾಗಲ್ಲ. ಆ ದಿಬ್ಬದ ಮೇಲೆ ರಸಮಟ್ಟ ಇಟ್ಟರೂ ಗುಳ್ಳೆ ನಡುವೆಯೇ ನಿಲ್ತದೆ."

"ಹಾಗಾದ್ರೆ ಸಮವೇ ಆಯ್ತಲ್ಲ ಮಾರಾಯ."

ಅದೂ ಸರಿಯೇ. ಸ್ವಲ್ಪ ಹೊತ್ತು ಸುಮ್ಮನಿದ್ದು ಗದ್ದೆ ಕಡೆ ನೋಡಿದರು. ಮೂರು ವರ್ಷದಿಂದ ಹಡಿಲು ಬಿದ್ದಿದೆ, ಸೊಂಟದೆತ್ತರ ಹುಲ್ಲು.

"ಅಷ್ಟು ಮೇಲಿಂದ ನಮ್ಮ ಗದ್ದೆಯ ತಗ್ಗು ಗೊತ್ತಾಗ್ತದಾ?"

"ಇಲ್ಲ ಅಪ್ಪಯ್ಯ. ಅದಕ್ಕೆ ನೀರೇ ಕಟ್ಟಬೇಕು."

"ಅಂಚು ಒಡೆದಿದೆ. ನಿಂದು ರಜೆ ಎಷ್ಟು ದಿನ ಉಂಟು?"