ಮೊಳೆಗೆ ತೂಗುಹಾಕಿದ ಬಾತುಕೋಳಿ

ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುವ ಮನೆಗಳಲ್ಲಿ ನಮ್ಮದೂ ಒಂದು. ಹಾಲೆ ಮರ, ಅರಗು, ಹೊಳಪಿಗೆ ಕೇದಿಗೆಯ ಗರಿ. ಇವಿಷ್ಟೇ ನಮ್ಮ ಬಂಡವಾಳ. ಟಿಪ್ಪು ಸುಲ್ತಾನರ ಕಾಲದಿಂದ ಬಂದ ಕಸುಬು ಎಂದು ಊರಿನವರು ಹೆಮ್ಮೆಯಿಂದ ಹೇಳುವುದುಂಟು. ಹೆಮ್ಮೆಯಿಂದ ಒಲೆ ಉರಿಯುವುದಿಲ್ಲ, ಹೊಸ ಆಟಿಕೆ ಬೇಕು.

ನಮ್ಮಲ್ಲಿ ಹೊಸದನ್ನು ಹುಟ್ಟಿಸುವವನು ಕೊನೆಯ ತಮ್ಮ. 2019ರಲ್ಲಿ ಅವನು ಮಾಡಿದ ಗಾಲಿಯ ಬಾತುಕೋಳಿ, ಎಳೆದರೆ ಕತ್ತು ಆಡಿಸುವಂಥದ್ದು, ಬೆಂಗಳೂರಿನ ಅಂಗಡಿಯೊಂದಕ್ಕೆ ಹಿಡಿಸಿತು. 200 ಬೇಕೆಂದರು, ಮುಂಗಡವನ್ನೂ ಕೊಟ್ಟರು. ತಮ್ಮನ ಕೈ ಸುಮ್ಮನಿರಬೇಕಲ್ಲ! ಐವತ್ತು ಮುಗಿಯುವಷ್ಟರಲ್ಲಿ ಕತ್ತು ಉದ್ದವಾಯಿತು, ನೂರರ ಹೊತ್ತಿಗೆ ಗಾಲಿ ಚಿಕ್ಕದಾಯಿತು. ಚೆಂದವೇ ಆಗಿತ್ತು, ಸುಳ್ಳೇಕೆ ಹೇಳುವುದು. ನಾವೂ ತಡೆಯಲಿಲ್ಲ. ಅವಸರಕ್ಕೆ ಸರಿಯಾಗಿ ಒಣಗದ ಮರವನ್ನೂ ಸೇರಿಸಿದ್ದೆವು; ಆ ತಪ್ಪು ಅವನದಲ್ಲ, ನಮ್ಮದು.

ಮಾಲು ನೋಡಲು ಬಂದವರು ಒಂದು ಪುಟ್ಟ ಕೊಳವೆ ತಂದಿದ್ದರು. ಅದರ ಬಾಯಿಯ ಅಗಲ 31.7 ಮಿಲಿಮೀಟರ್. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಯಿಂದ ಕಳಚಿದ ತುಂಡು ಅದರೊಳಗೆ ಪೂರ್ತಿ ಇಳಿದರೆ ಮಗುವಿನ ಗಂಟಲಿಗೂ ಇಳಿದೀತು ಎಂಬುದು ಲೆಕ್ಕ. ಅವರು ಎಳೆದಾಗ ಗಾಲಿಗಳು ಕಳಚಿದವು. ಹಸಿ ಮರ ಒಣಗುತ್ತಾ ಗೂಟ ಸಣ್ಣದಾಗಿ ಸಡಿಲವಾಗಿತ್ತು. ಮೊದಲಿನ ದೊಡ್ಡ ಗಾಲಿ ಕೊಳವೆಯ ಬಾಯಲ್ಲೇ ನಿಂತಿತು. ತಮ್ಮನ ಚಿಕ್ಕ ಗಾಲಿ ಟಕ್ ಎಂದು ತಳ ಸೇರಿತು. ಇನ್ನೂರನ್ನೂ ಬಿಟ್ಟುಹೋದರು. ಮುಂಗಡ ಆಗಲೇ ಖರ್ಚಾಗಿತ್ತು. ಅಮ್ಮಿಯ ಬಳೆ ಅಡವಿಟ್ಟು ಹಿಂದಿರುಗಿಸಿದೆವು.

ಅಂದಿನಿಂದ ಒಂದು ಕಟ್ಟಳೆ. ಮಾದರಿ ಒಪ್ಪಿಗೆಯಾಗುವವರೆಗೆ ತಮ್ಮ ಹೇಳಿದ್ದೇ ಸರಿ, ಯಾರೂ ಬಾಯಿ ಹಾಕುವಂತಿಲ್ಲ. ಒಪ್ಪಿದ ಮಾದರಿ ಗೋಡೆಯ ಮೊಳೆಗೆ ಏರಿದ ಮೇಲೆ ಬಣ್ಣವೂ ಬದಲಾಗಕೂಡದು. ಪ್ರತಿ ಹತ್ತನೆಯದನ್ನು ಅದರ ಪಕ್ಕ ಹಿಡಿದು ನೋಡುವುದು, ಎಳೆದು ನೋಡುವುದು. "ನನ್ನನ್ನು ಯಂತ್ರ ಮಾಡಿದಿರಿ ಭಾಯಿ" ಎಂದು ತಮ್ಮ ಒಂದು ವಾರ ಮಾತು ಬಿಟ್ಟ. ಅವನ ಮಾತಿನಲ್ಲಿ ಸತ್ಯವಿಲ್ಲದೆ ಇಲ್ಲ. ಕಟ್ಟಳೆಯ ಹಠದಲ್ಲಿ ಅವನದೊಂದು ಒಳ್ಳೆಯ ಬುಗುರಿಯನ್ನು ನಾವು ಬದಿಗೆ ತಳ್ಳಿದ್ದೂ ಉಂಟು. ಈಗಲೂ ಊಟಕ್ಕೆ ಕೂತಾಗ ಅದನ್ನು ನೆನಪಿಸುತ್ತಾನೆ.

2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾದಾಗ ನೋಂದಾಯಿತ ಕುಶಲಕರ್ಮಿಗಳಿಗೆ ವಿನಾಯಿತಿ ಸಿಕ್ಕಿತು. ಇನ್ನು ಕೊಂಚ ಸಡಿಲ ಬಿಡಬಹುದೇನೋ ಎಂದು ನಾವೇ ಮಾತು ತೆಗೆದೆವು. ಅಬ್ಬಾ ಕೇಳಿದ್ದು ಒಂದೇ: "ಕೂಸಿನ ಗಂಟಲಿಗೂ ವಿನಾಯಿತಿ ಕೊಟ್ಟಿದ್ದಾರೇನು?"

ದೊಡ್ಡ ಗಾಲಿಯ ಬಾತುಕೋಳಿ ಇನ್ನೂ ಮೊಳೆಯಲ್ಲಿದೆ. ಪಕ್ಕದ ಮೊಳೆ ಖಾಲಿ. ಎರಡು ದಿನದಿಂದ ತಮ್ಮ ನಮಗೆ ಬೆನ್ನು ತಿರುಗಿಸಿ ಲೇತಿನ ಮುಂದೆ ಕೂತಿದ್ದಾನೆ. ಏನು ಮಾಡುತ್ತಿದ್ದಾನೆಂದು ನಾವು ಕೇಳಿಲ್ಲ.